ಬೋಟಿನಲ್ಲಿ ಪೆಟ್ಟಾದರೆ ಮುಂದೇನು?



ಹಿಂದಿನ ಪಾಠಗಳಲ್ಲಿ ನಾವು ಮೀನಿನ ಹೆಸರು ಓದಿದೆವು. ಬಂಗಡೆ, ತಾರ್ಲೆ, ಸೀಗಡಿ ಎಂದು ಬರೆದೆವು. ಈ ಪಾಠ ಮೀನಿನದಲ್ಲ. ಮೀನು ಹಿಡಿಯುವವರದು.

ನಮ್ಮದು ಕಡಲಿನ ಸೀಮೆ. ಕಾರವಾರದ ಮಾಜಾಳಿ, ಬೈತಖೋಲ, ಮುದಗಾ. ಅಂಕೋಲೆಯ ಹಾರವಾಡ, ಬೇಲೆಕೇರಿ, ಕೇಣಿ, ಬೆಳಂಬಾರ. ಈ ಊರುಗಳಲ್ಲಿ ಕೆಲವರು ಸ್ವಂತ ದೋಣಿಯವರು. ಬಹಳ ಜನ ಬೇರೆಯವರ ಬೋಟಿನಲ್ಲಿ ದುಡಿಯುವ ಖಲಾಸಿಗಳು. ಕೆಲವರು ಇಲ್ಲೇ ದುಡಿಯುತ್ತಾರೆ. ಕೆಲವರು ಮಲ್ಪೆಗೆ, ಗೋವೆಗೆ ಹೋಗುತ್ತಾರೆ. ಜೂನ್, ಜುಲೈ ಎರಡು ತಿಂಗಳು ಯಂತ್ರದ ಬೋಟಿಗೆ ಬಂದ್. ಆಗಸ್ಟ್ ಬಂತೆಂದರೆ ಬೋಟು ಕಡಲಿಗೆ ಇಳಿಯುತ್ತದೆ. ಈ ಪಾಠ ಹೆಚ್ಚಾಗಿ ಖಲಾಸಿಗಳಿಗೆ. ಅವರ ಮನೆಯ ಹೆಂಗಸರಿಗೆ ಅದಕ್ಕಿಂತ ಹೆಚ್ಚಾಗಿ. ಯಾಕೆ ಅಂತ ಮುಂದೆ ಗೊತ್ತಾಗ್ತದೆ.

ಬೋಟಿನ ಕೆಲಸ ಎಂಥದು ಅಂತ ನಾವು ನಿಮಗೆ ಹೇಳಬೇಕಾಗಿಲ್ಲ. ನಮಗೆ ಹೇಳಿಕೊಟ್ಟವರೇ ನೀವು. ವಿಂಚ್ ತಿರುಗುವಾಗ ಬೆರಳು ಸಿಕ್ಕುತ್ತದೆ. ಬಿಗಿಯಾದ ವಾಯರ್ ರೋಪು ಕಡಿದು ಕಾಲಿಗೆ ಹೊಡೆಯುತ್ತದೆ. ರಾತ್ರಿ ನಿದ್ದೆಗಣ್ಣಿನಲ್ಲಿ ಕಾಲು ಜಾರುತ್ತದೆ. ಕೆಲವು ಸಲ ಮೀನೇ ಜೀವ ತೆಗೆಯುತ್ತದೆ. 2025ರಲ್ಲಿ ಕಾರವಾರ ತಾಲೂಕಿನಲ್ಲಿ ಹಾಗೇ ಆಯಿತು. ಚೂಪು ಮೂತಿಯ ಮೀನು ನೀರಿನಿಂದ ಹಾರಿ ಬಂದು ಚುಚ್ಚಿತು. ಯುವ ಮೀನುಗಾರನೊಬ್ಬ ತೀರಿಕೊಂಡ.

ಪೆಟ್ಟಾದ ಮೇಲೆ ಏನಾಗ್ತದೆ? ಬೋಟು ದಡಕ್ಕೆ ಬರುತ್ತದೆ. ಧಣಿ ಆಸ್ಪತ್ರೆಗೆ ಕಳಿಸುತ್ತಾರೆ. ಒಳ್ಳೆಯವರಾದರೆ ಬಿಲ್ಲು ಕೊಡುತ್ತಾರೆ, ಕೈಗೆ ಎರಡು ಸಾವಿರವನ್ನೂ ಇಡುತ್ತಾರೆ. “ಗುಣ ಆದ ಮೇಲೆ ಬಾ ತಮ್ಮಾ” ಎನ್ನುತ್ತಾರೆ. ಖಲಾಸಿ ಏನು ಹೇಳುತ್ತಾನೆ? “ಗ್ರಹಚಾರ” ಎನ್ನುತ್ತಾನೆ. ಸುಮ್ಮನಾಗುತ್ತಾನೆ. ಎರಡು ಬೆರಳಿಲ್ಲದ ಕೈಯಿಂದ ಮುಂದಿನ ವರ್ಷ ಬಲೆ ಎಳೆಯಲು ಆಗುವುದಿಲ್ಲ. ಆಗ ಯಾರೂ ಕೇಳುವುದಿಲ್ಲ.

ಧಣಿ ಕೊಟ್ಟ ಎರಡು ಸಾವಿರ ದಯೆ. ಕಾಯಿದೆ ಕೊಡಿಸುವುದು ಹಕ್ಕು. ಎರಡೂ ಬೇರೆ ಬೇರೆ.

ಕಾಯಿದೆ ಏನು ಹೇಳ್ತದೆ?

1923ರಲ್ಲಿ ಒಂದು ಕಾಯಿದೆ ಬಂತು. ಕೆಲಸ ಮಾಡುವಾಗ ಪೆಟ್ಟಾದರೆ ಮಾಲಕ ಪರಿಹಾರ ಕೊಡಬೇಕು ಎಂದಿತು. ಹಡಗಿನ ನಾವಿಕರ ಹೆಸರೂ ಅದರಲ್ಲಿತ್ತು. ಯಂತ್ರದಿಂದ ಓಡುವ ಹಡಗು ಸಣ್ಣದಾದರೂ ಸೇರಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ ಹೊಸದು ಬಂದಿದೆ. ಅದರ ಹೆಸರು ಸಾಮಾಜಿಕ ಭದ್ರತಾ ಸಂಹಿತೆ. ಹೆಸರು ಉದ್ದ. ಆದರೆ ಹಳೆಯ ಕಾಯಿದೆಯ ಮುಖ್ಯ ಮಾತುಗಳು ಇದರಲ್ಲೂ ಇವೆ. ಆ ದಿನಕ್ಕಿಂತ ಮೊದಲೇ ಆದ ಪೆಟ್ಟಿಗೆ ಹಳೆಯ ಲೆಕ್ಕ.

ಧಣಿ ಹೇಳಬಹುದು: “ನಿನ್ನದೇ ತಪ್ಪು. ನೋಡಿ ಕೈ ಹಾಕಬೇಕಿತ್ತು.” ಈ ಮಾತಿಗೆ ಹೆದರಬೇಡಿ. ಕೆಲಸದ ಭರದಲ್ಲಿ ಕೈ ತಪ್ಪುವುದು ಉಂಟು. ಅದಕ್ಕೂ ಪರಿಹಾರ ಇದೆ. ತಪ್ಪು ಯಾರದು ಎಂದು ಕಾಯಿದೆ ಮೊದಲು ಕೇಳುವುದಿಲ್ಲ. ಕೆಲಸದಲ್ಲಿದ್ದಾಗ, ಕೆಲಸದ ಕಾರಣದಿಂದ ಪೆಟ್ಟಾಯಿತೇ ಎಂದು ಕೇಳುತ್ತದೆ. ಆದರೆ ಕುಡಿದ ಅಮಲಿನಿಂದ ಪೆಟ್ಟಾದರೆ ಪರಿಹಾರ ಸಿಗುವುದು ಕಷ್ಟ. ಬೇಕೆಂದೇ ಸುರಕ್ಷತೆಯ ನಿಯಮ ಮುರಿದರೂ ಹಾಗೇ. ಸಾವಾದರೆ ಅಥವಾ ಪೂರ್ತಿ ಅಂಗವಿಕಲನಾದರೆ ಆ ನೆಪವೂ ನಡೆಯುವುದಿಲ್ಲ. ಸಣ್ಣ ಗಾಯವಾಗಿ ಮೂರು ದಿನದೊಳಗೆ ಕೆಲಸಕ್ಕೆ ಹೋದರೆ ಪರಿಹಾರ ಇಲ್ಲ.

ಆಸ್ಪತ್ರೆಯ ಖರ್ಚು ಬೇರೆ. ಪರಿಹಾರ ಬೇರೆ. ಚಿಕಿತ್ಸೆಗೆ ಆದ ನಿಜವಾದ ಖರ್ಚನ್ನು ಮಾಲಕ ಕೊಡಬೇಕು ಎಂದು 2010ರ ಜನವರಿಯಿಂದ ನಿಯಮ ಇದೆ. ಹಾಗಾಗಿ “ಬಿಲ್ಲು ಕೊಟ್ಟಿದ್ದೇನಲ್ಲ, ಇನ್ನೆಂತ ಕೊಡಬೇಕು?” ಎಂದರೆ ಉತ್ತರ ನಿಮಗೆ ಗೊತ್ತಿರಲಿ.

ಒಂದು ಲೆಕ್ಕ ಮಾಡೋಣ

ನಾವು ಶಾಲೆಯ ಮಾಸ್ತರು. ವಕೀಲರಲ್ಲ. ಲೆಕ್ಕ ಹೇಳಿಕೊಡಲು ಮಾತ್ರ ಬರ್ತದೆ. ಸ್ಲೇಟು ತೆಗೆಯಿರಿ.

ಒಬ್ಬ ಖಲಾಸಿ ಇದ್ದಾನೆ ಅಂತ ಇಟ್ಟುಕೊಳ್ಳಿ. ವಯಸ್ಸು 35. ತಿಂಗಳ ದುಡಿಮೆ 12,000 ರೂಪಾಯಿ. 2024ರಲ್ಲಿ ವಿಂಚಿಗೆ ಸಿಕ್ಕಿ ಒಂದೇ ಕೈಯ ಎರಡು ಬೆರಳು ಹೋದವು.

ಮೊದಲು 12,000ದಲ್ಲಿ ನೂರಕ್ಕೆ 60 ತೆಗೆಯಿರಿ. 7,200 ಆಯಿತು.

ಕಾಯಿದೆಯ ಪಟ್ಟಿಯಲ್ಲಿ ಪ್ರತಿ ವಯಸ್ಸಿಗೂ ಒಂದು ಅಂಕಿ ಇದೆ. ಎಳೆ ವಯಸ್ಸಿಗೆ ದೊಡ್ಡ ಅಂಕಿ. ವಯಸ್ಸಾದಂತೆ ಚಿಕ್ಕದು. 35ಕ್ಕೆ 197.06. ಇದರಿಂದ 7,200ನ್ನು ಗುಣಿಸಿ. 14,18,832 ಬಂತು. ದುಡಿಯುವ ಶಕ್ತಿ ಪೂರ್ತಿ ಹೋದರೆ ಇಷ್ಟು.

ಇವನಿಗೆ ಪೂರ್ತಿ ಹೋಗಿಲ್ಲ. ಎರಡು ಬೆರಳಿಗೆ ನೂರಕ್ಕೆ 20 ಎಂದು ಪಟ್ಟಿ ಹೇಳುತ್ತದೆ. 14,18,832ರಲ್ಲಿ ನೂರಕ್ಕೆ 20 ಎಂದರೆ 2,83,766 ರೂಪಾಯಿ.

ಎರಡು ಸಾವಿರ ಎಲ್ಲಿ, ಎರಡು ಲಕ್ಷ ಎಂಬತ್ತಮೂರು ಸಾವಿರ ಎಲ್ಲಿ?

ಸ್ಲೇಟು ಕೆಳಗೆ ಇಡಬೇಡಿ. ಇನ್ನೊಂದು ಸಲ ಮಾಡೋಣ. ಧಣಿ ಬಂದು, “ಇವನಿಗೆ ತಿಂಗಳಿಗೆ ಸಿಗುತ್ತಿದ್ದದ್ದು ಆರೇ ಸಾವಿರ” ಎನ್ನುತ್ತಾರೆ. ಅಲ್ಲ ಎನ್ನಲು ಖಲಾಸಿಯ ಹತ್ತಿರ ಏನೂ ಇಲ್ಲ. ಒಂದು ಚೀಟಿಯೂ ಇಲ್ಲ. ಆಗ ಲೆಕ್ಕ 6,000ದಿಂದ ಶುರು. ಬರುವುದು 1,41,883 ರೂಪಾಯಿ. ಸರಿಯಾಗಿ ಅರ್ಧ. ಅದೇ ಕೈ, ಅದೇ ಎರಡು ಬೆರಳು. ಒಂದು ಚೀಟಿ ಇಲ್ಲದ್ದಕ್ಕೆ ಒಂದು ಲಕ್ಷ ನಲವತ್ತೊಂದು ಸಾವಿರ ಹೋಯಿತು.

ಸಾವಾದರೆ ನೂರಕ್ಕೆ 60ರ ಬದಲು 50. ಪೂರ್ತಿ ವಾಸಿಯಾಗುವ ಗಾಯವಾಗಿ ಕೆಲವು ತಿಂಗಳು ಮನೆಯಲ್ಲಿ ಕೂತರೆ, ಹದಿನೈದು ದಿನಕ್ಕೊಮ್ಮೆ ತಿಂಗಳ ದುಡಿಮೆಯ ಕಾಲು ಭಾಗ. ಅಂದರೆ ತಿಂಗಳಿಗೆ ಅರ್ಧ ಸಂಬಳ. ಹಣ ಕೊಡಲು ತಿಂಗಳಿಗಿಂತ ತಡ ಮಾಡಿದರೆ ಹಳೆಯ ಕಾಯಿದೆಯಲ್ಲಿ ವರ್ಷಕ್ಕೆ ನೂರಕ್ಕೆ 12 ಬಡ್ಡಿ ಇತ್ತು. ಬಡ್ಡಿಯ ಮಾತು ಹೊಸ ಸಂಹಿತೆಯಲ್ಲೂ ಇದೆ.

“ನೀನು ಪಾಲಿನವ, ಕೂಲಿಯವ ಅಲ್ಲ”

ಇಲ್ಲೇ ಕಷ್ಟ ಇರುವುದು. ನಮ್ಮ ಬೋಟುಗಳಲ್ಲಿ ತಿಂಗಳ ಸಂಬಳ ಕಡಿಮೆ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸು, ಅಕ್ಕಿ ಸಾಮಾನು ಕಳೆಯುತ್ತಾರೆ. ಉಳಿದದ್ದರಲ್ಲಿ ಬೋಟಿಗೆ ಒಂದು ಪಾಲು, ಜನಕ್ಕೆ ಒಂದು ಪಾಲು. ಪೆಟ್ಟಾದಾಗ ಇದೇ ಪಾಲನ್ನು ಮುಂದೆ ಮಾಡುತ್ತಾರೆ. “ಪಾಲು ತಿನ್ನುವವನು ಆಳು ಹೇಗಾದಾನು? ಅವನೂ ನನ್ನ ಹಾಗೆ ಪಾಲುದಾರ” ಎನ್ನುತ್ತಾರೆ.

ಇದು ವಾದಕ್ಕೆ ಬರುವ ವಿಷಯ. ಗೆಲುವು ಖಂಡಿತ ಎಂದು ನಾವು ಹೇಳುವುದಿಲ್ಲ. ಆದರೆ ನೀವು ಕೇಳಬೇಕಾದ ಪ್ರಶ್ನೆಗಳಿವೆ. ಬೋಟು ಯಾರ ಹೆಸರಿನಲ್ಲಿದೆ? ಕಡಲಿಗೆ ಯಾವಾಗ ಹೋಗಬೇಕು ಎಂದು ಹೇಳುವವರು ಯಾರು? ಕೆಲಸದಿಂದ ತೆಗೆಯುವವರು ಯಾರು? ಬೋಟು ಮಾರಿದರೆ ಖಲಾಸಿಗೆ ಹಣ ಬರ್ತದಾ? ಹೆಸರು ಧಣಿಯದು, ಅಪ್ಪಣೆ ಧಣಿಯದು, ಮಾರಿದ ಹಣವೂ ಧಣಿಯದು. ಅಂದ ಮೇಲೆ ಪಾಲು ಎಂಬುದು ಕೂಲಿ ಕೊಡುವ ಒಂದು ರೀತಿ, ಅಷ್ಟೇ. ಕಾಯಿದೆಯೂ ಕೂಲಿ ಎಂದರೆ ಬರೀ ನೋಟು ಎನ್ನುವುದಿಲ್ಲ. ಹಣದಲ್ಲಿ ಅಳೆಯಬಹುದಾದ ಸೌಲಭ್ಯವನ್ನೂ ಸೇರಿಸುತ್ತದೆ.

ಈ ವಾದಕ್ಕೆ ಬೇಕಾದದ್ದು ನಿಮ್ಮ ವಹಿ. ಎರಡು ರೂಪಾಯಿ ಪೆನ್ನು, ಇಪ್ಪತ್ತು ರೂಪಾಯಿ ನೋಟುಬುಕ್ಕು ಸಾಕು. ಬೋಟಿನ ಹೆಸರು, ಅದರ ಮೈಮೇಲೆ ಬರೆದ ನಂಬರು ಮೊದಲ ಪುಟದಲ್ಲಿರಲಿ. ಆಮೇಲೆ ಪ್ರತಿ ಸಲ ಬೋಟು ಬಂದಾಗ ತಾರೀಕು ಮತ್ತು ಕೈಗೆ ಬಂದ ಹಣ. ತಿಂಗಳ ಕೊನೆಗೆ ಕೂಡಿಸಿ. ಯಜಮಾನರು ಕಡಲಿನಲ್ಲಿ ಇರುತ್ತಾರೆ. ಬರೆಯುವವರು ಮನೆಯಲ್ಲಿರುವ ಅಕ್ಕಂದಿರೇ. ಹೆಂಗಸರಿಗೆ ಈ ಪಾಠ ಹೆಚ್ಚು ಎಂದದ್ದು ಇದಕ್ಕೇ. ಈಗ ಕೆಲವು ಧಣಿಗಳು ಫೋನಿನಲ್ಲೇ ಹಣ ಹಾಕುತ್ತಾರೆ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಅದು ಬರುತ್ತದೆ. ಅದು ನಿಮ್ಮ ವಹಿಗಿಂತಲೂ ಗಟ್ಟಿ ಸಾಕ್ಷಿ.

ಪೆಟ್ಟಾದ ದಿನ

ಕಡಲಿನಲ್ಲೇ ಇದ್ದರೆ ಮೊದಲು ಜೀವ. ರಕ್ತ ಬರುವ ಜಾಗವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ತಾಂಡೇಲರು ವೈರ್‌ಲೆಸ್ಸಿನ 16ನೇ ಚಾನೆಲ್ಲಿನಲ್ಲಿ ಕರೆಯಬಹುದು. ಫೋನಿಗೆ ಸಿಗ್ನಲ್ ಇದ್ದರೆ 1554ಕ್ಕೆ ಮಾಡಬಹುದು. ಅದು ಕೋಸ್ಟ್ ಗಾರ್ಡಿನವರ ನಂಬರು. 1093 ಕರಾವಳಿ ಕಾವಲು ಪೊಲೀಸರದು. ಈ ಎರಡು ನಂಬರು ಬೋಟಿನ ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆದಿಡಿ. ಬರೆಯಲು ನಿಮಗೀಗ ಬರುತ್ತದಲ್ಲ.

ದಡಕ್ಕೆ ಬಂದ ಮೇಲೆ ಆಸ್ಪತ್ರೆ. ಅಂಕೋಲೆಯಲ್ಲಿ ತಾಲೂಕು ಆಸ್ಪತ್ರೆ ಇದೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿನ ದೊಡ್ಡ ಆಸ್ಪತ್ರೆ ಇದೆ. ಅಲ್ಲಿ ಡಾಕ್ಟರು ಕೇಳುತ್ತಾರೆ, “ಪೆಟ್ಟು ಹೇಗಾಯಿತು?” ಈ ಒಂದು ಪ್ರಶ್ನೆಯ ಉತ್ತರದ ಮೇಲೆ ಮುಂದಿನದ್ದೆಲ್ಲ ನಿಂತಿದೆ. “ಮನೆಯಲ್ಲಿ ಬಿದ್ದೆ ಅಂತ ಹೇಳು, ಪೊಲೀಸರ ರಗಳೆ ಬೇಡ” ಎಂದು ಹೇಳಿಕೊಡುವವರು ಇರುತ್ತಾರೆ. ಹಾಗೆ ಹೇಳಬೇಡಿ. ಇದ್ದದ್ದು ಇದ್ದ ಹಾಗೆ ಹೇಳಿ: ಇಂಥ ಬೋಟಿನಲ್ಲಿ, ಇಂಥ ಕೆಲಸ ಮಾಡುವಾಗ ಪೆಟ್ಟಾಯಿತು. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ಪೊಲೀಸರಿಗೆ ತಿಳಿಸುವ ದಾಖಲೆಯನ್ನು ಆಸ್ಪತ್ರೆಯಲ್ಲಿ ಎಂ.ಎಲ್.ಸಿ. ಎನ್ನುತ್ತಾರೆ. ಅದನ್ನು ಮಾಡಿಸಿಕೊಳ್ಳಿ. ಒಮ್ಮೆ “ಮನೆಯಲ್ಲಿ ಬಿದ್ದ” ಎಂದು ಬರೆದರೆ ಆಮೇಲೆ ತಿದ್ದುವುದು ಬಹಳ ಕಷ್ಟ.

ಚೀಟಿ, ಬಿಲ್ಲು, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ. ಜೊತೆಯಲ್ಲಿದ್ದ ಖಲಾಸಿಗಳ ಹೆಸರು, ಊರು, ಫೋನ್ ನಂಬರು ಅಂದೇ ಬರೆದುಕೊಳ್ಳಿ. ನಮ್ಮ ಬೋಟುಗಳಲ್ಲಿ ಒಡಿಶಾ, ಜಾರ್ಖಂಡದ ಹುಡುಗರೂ ಇದ್ದಾರೆ. ಜೂನ್ ಬಂದರೆ ಊರಿಗೆ ಹೋಗುತ್ತಾರೆ. ಆಮೇಲೆ ಸಾಕ್ಷಿಗೆ ಎಲ್ಲಿ ಹುಡುಕುವುದು?

ಸಹಿ ಹಾಕುವ ಮೊದಲು

ಕೆಲವು ದಿನ ಕಳೆದ ಮೇಲೆ ಧಣಿಯ ಕಡೆಯವರು ಮನೆಗೆ ಬರಬಹುದು. ಕೈಯಲ್ಲಿ ಹಣ, ಇನ್ನೊಂದು ಕೈಯಲ್ಲಿ ಕಾಗದ. “ತಂಗೀ, ಹತ್ತು ಸಾವಿರ ಉಂಟು, ಇಲ್ಲೊಂದು ಸಹಿ ಹಾಕು.” ಮೊದಲಾದರೆ ಹೆಬ್ಬೆಟ್ಟು ಒತ್ತಬೇಕಿತ್ತು. ಈಗ ನೀವು ಓದಬಲ್ಲಿರಿ. “ಕೂತುಕೊಳ್ಳಿ ಅಣ್ಣಾ, ಓದಿ ಹಾಕ್ತೇನೆ” ಎನ್ನಿ. ಒಂದೊಂದೇ ಅಕ್ಷರ ಕೂಡಿಸಿ ಓದಿ. ಅವರು ಕಾಯಲಿ.

ಎರಡು ಮಾತು ಹುಡುಕಿ. ಒಂದು, “ಪೂರ್ತಿ ಪರಿಹಾರ ಮುಟ್ಟಿದೆ”. ಇನ್ನೊಂದು, “ಮುಂದೆ ಯಾವ ಹಕ್ಕೂ ಇಲ್ಲ”. ಇವು ಇದ್ದರೆ ಸಹಿ ಬೇಡ. ಹಣ ತೆಗೆದುಕೊಳ್ಳುವುದಾದರೆ, “ಚಿಕಿತ್ಸೆಗಾಗಿ ಇಷ್ಟು ಹಣ ಬಂದಿದೆ” ಎಂದಷ್ಟೇ ಬರೆದುಕೊಡಿ. ಹಕ್ಕು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಕರಾರು ಕಾಯಿದೆಯ ಮುಂದೆ ನಿಲ್ಲುವುದಿಲ್ಲ. ರಾಜಿ ಮಾಡುವುದಾದರೂ ಅಧಿಕಾರಿಯ ಮುಂದೆ ಅದು ನೋಂದಣಿ ಆಗಬೇಕು. ಸಾವಿನ ಪರಿಹಾರವನ್ನಂತೂ ಮಾಲಕ ಅಧಿಕಾರಿಯಲ್ಲೇ ಕಟ್ಟಬೇಕು. ಅವರು ಹೆಂಡತಿ, ಮಕ್ಕಳು, ಮುದುಕ ತಂದೆತಾಯಿಗೆ ಹಂಚುತ್ತಾರೆ. ಆದರೂ ಸಹಿ ಹಾಕಿದ ಕಾಗದ ಜಗಳಕ್ಕೆ ದಾರಿ. ಹಾಕದಿರುವುದೇ ಒಳ್ಳೆಯದು.

ಮುಂಗಡದ ಮಾತೂ ಬರುತ್ತದೆ. ಆಗಸ್ಟಿನಲ್ಲಿ ತೆಗೆದುಕೊಂಡ ಮುಂಗಡ ತೀರಿರುವುದಿಲ್ಲ. “ಪರಿಹಾರದಲ್ಲಿ ಅದನ್ನು ವಜಾ ಮಾಡಿದೆ” ಎನ್ನುತ್ತಾರೆ. ಹಾಗೆ ಮಾಡುವಂತಿಲ್ಲ. ಪರಿಹಾರದ ಹಣದಲ್ಲಿ ಬೇರೆ ಸಾಲ ಮುರಿದುಕೊಳ್ಳುವುದನ್ನು ಕಾಯಿದೆ ತಡೆದಿದೆ. ಮುಂಗಡ ನೀವು ಕೊಡಬೇಕಾದದ್ದೇ. ಆದರೆ ಕೈಯ ಬೆಲೆಯಿಂದ ಅಲ್ಲ.

ಎಲ್ಲ ಧಣಿಗಳೂ ಕೆಟ್ಟವರಲ್ಲ. ಅವರಿಗೂ ಬ್ಯಾಂಕಿನ ಸಾಲ ಇದೆ, ಮೀನಿಲ್ಲದ ವರ್ಷ ಇದೆ. ಬೋಟಿನ ಜನಕ್ಕೆ ವಿಮೆ ಮಾಡಿಸಿದ ಧಣಿಗೆ ಹೊರೆ ಕಡಿಮೆ. ಹಣ ವಿಮೆ ಕಂಪನಿಯಿಂದ ಬರುತ್ತದೆ. ಕೆಲಸಕ್ಕೆ ಸೇರುವಾಗಲೇ ಕೇಳಿ, “ವಿಮೆ ಉಂಟಾ?” ಹಾಗೆ ಕೇಳಿದರೆ ಯಾರೂ ಸಿಟ್ಟು ಮಾಡಬೇಕಾಗಿಲ್ಲ.

ಎಲ್ಲಿಗೆ ಹೋಗಬೇಕು?

ಮೊದಲು ಧಣಿಗೆ ಕಾಗದ ಬರೆಯಿರಿ. ಹಡಗಿನ ಮೇಲೇ ಪೆಟ್ಟಾದ ನಾವಿಕ ನೋಟೀಸು ಕೊಡಲೇಬೇಕು ಅಂತಿಲ್ಲ. ಆದರೂ ಕೊಟ್ಟರೆ ಕೈಯಲ್ಲಿ ಪುರಾವೆ ಇರ್ತದೆ. ಮಾದರಿ ಪಾಠದ ಕೊನೆಗೆ ಇದೆ.

ಧಣಿ ಕೊಡದಿದ್ದರೆ ಅರ್ಜಿ ಹಾಕಬೇಕು. ಪೆಟ್ಟಾದ ದಿನದಿಂದ ಎರಡು ವರ್ಷದ ಒಳಗೆ ಅರ್ಜಿ ಬೀಳಬೇಕು. ಅಷ್ಟು ಕಾಯಬೇಡಿ. ಮಲ್ಪೆಯ ಬೋಟಿನಲ್ಲಿ ಪೆಟ್ಟಾದರೆ ಮಲ್ಪೆಗೇ ಅಲೆಯಬೇಕು ಎಂದಿಲ್ಲ. ನೀವು ವಾಸ ಇರುವ ಕಡೆಯೂ ಅರ್ಜಿ ಹಾಕಬಹುದು.

ಅರ್ಜಿ ಬರೆಯಲು, ವಕೀಲರನ್ನು ಹಿಡಿಯಲು ಹಣ ಎಲ್ಲಿಂದ? ಕಾರವಾರದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಅಂಕೋಲೆಯ ಕೋರ್ಟಿನಲ್ಲಿ ತಾಲೂಕು ಸಮಿತಿ ಇದೆ. ಅಲ್ಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ಸಿಗುತ್ತದೆ. ಕಡಿಮೆ ಆದಾಯದ ಉಳಿದವರಿಗೂ ಸಿಗುತ್ತದೆ. ಫೋನ್ ಮಾಡುವುದಾದರೆ 15100. ಆಸ್ಪತ್ರೆಯ ಬಾಗಿಲಲ್ಲಿ ನಿಂತು, “ಕೇಸು ಗೆಲ್ಲಿಸಿಕೊಡ್ತೇವೆ, ಬಂದದ್ದರಲ್ಲಿ ಕಾಲು ಪಾಲು ಕೊಡಿ” ಎನ್ನುವವರ ಹತ್ತಿರ ಹೋಗಬೇಡಿ. ಪರಿಹಾರದಲ್ಲಿ ಪಾಲು ಕೇಳುವುದು ವಕೀಲರ ನಿಯಮಕ್ಕೇ ವಿರುದ್ಧ.

ಇನ್ನೊಂದು ಬಾಗಿಲು ಮೀನುಗಾರಿಕೆ ಇಲಾಖೆ. ಸ್ವಂತ ದೋಣಿಯವರಿಗೂ ಇದು ಇದೆ. 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರಿಗೆ ಅಪಘಾತ ವಿಮೆ ಸೇರಿಸಿದರು. ಸಾವಿಗೆ ಅಥವಾ ಪೂರ್ತಿ ಅಂಗವಿಕಲತೆಗೆ 5 ಲಕ್ಷ. ಭಾಗಶಃ ಆದರೆ ಎರಡೂವರೆ ಲಕ್ಷ. ಕಂತು ಸರ್ಕಾರದ್ದು. ಆದರೆ ಹೆಸರು ಪಟ್ಟಿಯಲ್ಲಿ ಇರಬೇಕು. ರಾಜ್ಯದ ಸಂಕಷ್ಟ ಪರಿಹಾರ ನಿಧಿಯೂ ಇದೆ. ಇಲಾಖೆಯ ಕಚೇರಿಗೆ ಹೋಗಿ ಎರಡನ್ನೂ ಕೇಳಿ. “ನನ್ನ ಹೆಸರು ಪಟ್ಟಿಯಲ್ಲಿ ಉಂಟಾ, ತೋರಿಸಿ” ಎನ್ನಿ. ಪೆಟ್ಟಾಗುವ ಮೊದಲೇ ಹೋಗಿ ಕೇಳಬೇಕಾದ ಮಾತಿದು. ವಿಮೆ ಬಂತೆಂದು ಧಣಿಯ ಜವಾಬ್ದಾರಿ ಮುಗಿಯುವುದಿಲ್ಲ.

ಬೋಟೇ ಬಾರದಿದ್ದರೆ

ಇದನ್ನು ಬರೆಯಲು ಮನಸ್ಸಿಲ್ಲ. ಬರೆಯದೆ ನಿರ್ವಾಹವೂ ಇಲ್ಲ.

2018ರ ಡಿಸೆಂಬರ್ 13ರಂದು ‘ಸುವರ್ಣ ತ್ರಿಭುಜ’ ಎಂಬ ಬೋಟು ಮಲ್ಪೆಯಿಂದ ಹೊರಟಿತು. ಅದರಲ್ಲಿ ಏಳು ಜನ. ಐವರು ನಮ್ಮ ಉತ್ತರ ಕನ್ನಡ ಜಿಲ್ಲೆಯವರು. ಎರಡು ದಿನದ ಮೇಲೆ ಸಂಪರ್ಕ ತಪ್ಪಿತು. ಮನೆಯವರು ತಿಂಗಳುಗಟ್ಟಲೆ ಕಾದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಕಡಲ ತಳದಲ್ಲಿ ಬೋಟಿನ ಅವಶೇಷ ನೌಕಾಪಡೆಗೆ ಸಿಕ್ಕಿತು. ಏಳು ಜನ ಮರಳಲಿಲ್ಲ.

ಇಂಥಲ್ಲಿ ಮನೆಯವರಿಗೆ ಒಂದು ಮಾತು ಕೇಳಿ ಬರುತ್ತದೆ. “ಏಳು ವರ್ಷ ಕಾಯಬೇಕು. ಆಮೇಲೆ ಮರಣ ಪತ್ರ.” ಕಾಣೆಯಾದವರ ಬಗ್ಗೆ ಸಾಮಾನ್ಯ ನಿಯಮ ಹೌದು. ಆದರೆ ನಾವಿಕರ ಪರಿಹಾರಕ್ಕೆ ಬೇರೆ ಮಾತಿದೆ. ಹಡಗು ಎಲ್ಲ ಜನರ ಸಮೇತ ಕಳೆದುಹೋದರೆ, ಕಳೆದ ದಿನದಿಂದ 18 ತಿಂಗಳ ಒಳಗೆ ಅರ್ಜಿ ಹಾಕಬೇಕು. ಏಳು ವರ್ಷ ಎಂದು ಕೂತರೆ ಈ ಗಡುವು ದಾಟಿಹೋಗುತ್ತದೆ. ಕಣ್ಣೀರು ಒರೆಸಿಕೊಳ್ಳುವ ಮೊದಲೇ ಪೊಲೀಸ್ ದೂರಿನ ಪ್ರತಿ ತೆಗೆದಿಡಿ. ಅದೇ ವಾರ ಕಾನೂನು ಸೇವಾ ಸಮಿತಿಗೆ ಹೋಗಿ.

ದೊಡ್ಡ ಹಡಗಿಗೆ ಹೋದವರ ಬಗ್ಗೆ ನಾಲ್ಕು ಸಾಲು. ಅವರಿಗೆ ಸಿ.ಡಿ.ಸಿ. ಪುಸ್ತಕ ಇರುತ್ತದೆ, ಲಿಖಿತ ಕರಾರು ಇರುತ್ತದೆ. ಅದರ ಪ್ರತಿ ಮನೆಯಲ್ಲಿರಲಿ. ಕಳಿಸುವ ಏಜೆಂಟನಿಗೆ ಮುಂಬಯಿಯ ಡಿ.ಜಿ. ಶಿಪ್ಪಿಂಗ್ ಕಚೇರಿಯ ಲೈಸೆನ್ಸ್ ಇದೆಯೇ ನೋಡಿ. ನಾವಿಕರ ಬಗ್ಗೆ ದೇಶಗಳೆಲ್ಲ ಸೇರಿ 2006ರಲ್ಲಿ ಒಪ್ಪಂದ ಮಾಡಿದವು. 2015ರಲ್ಲಿ ಭಾರತವೂ ಅದನ್ನು ಒಪ್ಪಿತು. ಅದರ ಪ್ರಕಾರ ಹಡಗಿನಲ್ಲಿ ಪೆಟ್ಟಾದವನ ಚಿಕಿತ್ಸೆ, ಊರಿಗೆ ಕಳಿಸುವ ಖರ್ಚು ಹಡಗಿನ ಒಡೆಯನದು. ಮೀನು ಹಿಡಿಯುವ ಬೋಟಿಗೆ ಈ ಒಪ್ಪಂದ ಇಲ್ಲ.

ಈಗ ಬರೆಯುವ ಕೆಲಸ. ಧಣಿಗೆ ಕಾಗದದ ಮಾದರಿ ಇದು.

ತಾರೀಕು: ...........

ಶ್ರೀ ........... ಇವರಿಗೆ, ........... ಬೋಟಿನ ಮಾಲಕರು, ಊರು ...........

ನಾನು ........... , ವಯಸ್ಸು ........... . ನಿಮ್ಮ ಬೋಟಿನಲ್ಲಿ (ನಂಬರು ........... ) ಖಲಾಸಿಯಾಗಿ ........... ತಿಂಗಳಿನಿಂದ ಕೆಲಸ ಮಾಡುತ್ತಿದ್ದೇನೆ. ತಾರೀಕು ........... ರಂದು ........... ಗಂಟೆಗೆ ಬೋಟಿನಲ್ಲಿ ........... ಕೆಲಸ ಮಾಡುವಾಗ ನನ್ನ ........... ಗೆ ಪೆಟ್ಟಾಯಿತು. ಆಗ ........... ಮತ್ತು ........... ಜೊತೆಯಲ್ಲಿದ್ದರು. ........... ಆಸ್ಪತ್ರೆಯಲ್ಲಿ ಚಿಕಿತ್ಸೆ ಆಗಿದೆ. ನನ್ನ ತಿಂಗಳ ದುಡಿಮೆ ಸುಮಾರು ........... ರೂಪಾಯಿ. ಕಾಯಿದೆಯ ಪ್ರಕಾರ ಚಿಕಿತ್ಸೆಯ ಖರ್ಚನ್ನೂ ಪರಿಹಾರವನ್ನೂ ಕೊಡಬೇಕೆಂದು ಕೇಳುತ್ತೇನೆ.

ಸಹಿ: ...........

ಎರಡು ಪ್ರತಿ ಬರೆಯಿರಿ. ಒಂದನ್ನು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿ. ಇನ್ನೊಂದರ ಹಿಂದೆ ಅಂಚೆಯ ರಸೀತಿ ಅಂಟಿಸಿ ಪ್ಲಾಸ್ಟಿಕ್ ಚೀಲದಲ್ಲಿಡಿ.

ಇವತ್ತು ಗೆರೆ ಇರುವ ಕಡೆಯೆಲ್ಲ ನಿಮ್ಮ ಮನೆಯ ವಿವರ ತುಂಬಿ ಅಭ್ಯಾಸ ಮಾಡಿ. ಬೋಟಿನ ನಂಬರು ಗೊತ್ತಿಲ್ಲದವರು ನಾಳೆ ಬಂದರಿಗೆ ಹೋದಾಗ ನೋಡಿ ಬರೆದುಕೊಂಡು ಬನ್ನಿ.